ಟೆಂಪೋದಲ್ಲಿ ನಡೆದ ಸಭೆಗಳು

ಪಡುಬಲ್ಲೆ
28 ಡಿಸೆಂಬರ್ 2025, ಭಾನುವಾರ

ಪ್ರೀತಿಯ ವನಜಾ,

ಕ್ಷೇಮ ಸಮಾಚಾರವೆಲ್ಲ ಮೊನ್ನೆ ಫೋನಿನಲ್ಲೇ ಮುಗಿದಿದೆ. ನಿನ್ನ ತಮ್ಮನ ಹೆಂಡತಿ ಹುಷಾರಾಗಿದ್ದಾಳೆ, ಮಗು ಹಗಲೆಲ್ಲ ನಿದ್ದೆ ಮಾಡುತ್ತದೆ, ರತ್ನಾಗಿರಿಯ ಅಕ್ಕಿ ನಿನಗೆ ಸೇರುತ್ತಿಲ್ಲ, ಇದೆಲ್ಲ ಗೊತ್ತಾಗಿದೆ. ಇಲ್ಲಿ ನಿನ್ನ ಮಗಳು ದಿವ್ಯಾ ಅಜ್ಜಿಯ ಮನೆಯಲ್ಲಿ ಆರಾಮವಾಗಿದ್ದಾಳೆ. ನೀನು ಇಲ್ಲವೆಂದು ಅವಳಿಗಿಂತ ಅವಳ ಅಜ್ಜಿಯೇ ಹೆಚ್ಚು ಹೇಳುತ್ತಾರೆ.

ಹಾಗಿದ್ದರೆ ಈ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನಾನು ಏನಾದರೂ ಮನಸ್ಸಿನ ಮಾತು ಶುರು ಮಾಡಿದರೆ ನೀನು ನಡುವೆ ಊಟಕ್ಕೆ ಎಂತ ಮಾಡಿದಿರಿ ಎಂದು ಕೇಳಿ ದಾರಿ ತಪ್ಪಿಸುತ್ತೀಯ. ಎದುರಿಗೆ ಹೇಳಹೊರಟರೆ ಬುಟ್ಟಿ ಎತ್ತಿಕೊಂಡು ನಡೆದೇಬಿಡುತ್ತೀಯ. ಕಾಗದವಾದರೆ ನೀನು ಏಳಬೇಕಿಲ್ಲ, ನಾನು ಅರ್ಧಕ್ಕೆ ನಿಲ್ಲಿಸಬೇಕಿಲ್ಲ. ಬಾಣಂತನದ ಮನೆಯಲ್ಲಿ ಮಧ್ಯಾಹ್ನ ಸ್ವಲ್ಪ ಬಿಡುವಿರುತ್ತದಲ್ಲ, ಆಗ ಓದು. ನೀನೇ ಓದು, ಇನ್ನೊಬ್ಬರಿಂದ ಓದಿಸಬೇಡ.

ನಿನ್ನೆ ಶಾಲೆಯ ವಾರ್ಷಿಕೋತ್ಸವ. ದಿವ್ಯಾ ನೃತ್ಯದಲ್ಲಿ ಮುಂದಿನ ಸಾಲಿನಲ್ಲಿದ್ದಳು, ಒಂದು ಹೆಜ್ಜೆಯೂ ತಪ್ಪಲಿಲ್ಲ. ನನ್ನ ಚಂದನಾ ಹಿಂದಿನ ಸಾಲಿನಲ್ಲಿ ನಿಂತು ದಿವ್ಯಾಳನ್ನು ನೋಡಿಕೊಂಡೇ ಕುಣಿದಳು, ಆದ್ದರಿಂದ ಪ್ರತಿ ಹೆಜ್ಜೆಯೂ ಅರ್ಧ ತಾಳ ತಡ. ಜನ ಬಹಳ ಬಂದಿದ್ದರು. ಹೆದ್ದಾರಿಯ ಆಚೆಯಿಂದಲೂ ಬಂದಿದ್ದರು. ಅಂಗಳದಲ್ಲಿ ಕುರ್ಚಿ ಸಾಲದೆ ಗಂಡಸರು ಆವರಣದ ಗೋಡೆಯ ಮೇಲೆ ಕೂತಿದ್ದರು.

ಸಭಾ ಕಾರ್ಯಕ್ರಮದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು. ಶಾಲೆಯನ್ನು ಉಳಿಸಿದ ಪೋಷಕಿ ಎಂದು ಓದಿದರು. ಎಂ.ಎ. ಓದಿದವರಾದರೂ ಮಗಳನ್ನು ಸರಕಾರಿ ಶಾಲೆಗೆ ಸೇರಿಸಿದ ಆದರ್ಶ ತಾಯಿ ಎಂದೂ ಓದಿದರು. ನಾನು ಮೈಕ್ ಕೇಳಿ ತೆಗೆದುಕೊಂಡು, ಇದು ನನಗೆ ಸಲ್ಲುವುದಲ್ಲ, ಶಾಲೆ ಉಳಿದದ್ದು ವನಜಾಳಿಂದ, ನಾನು ಅದನ್ನು ಕೆಡಿಸಲು ಹೊರಟವಳು ಎಂದು ಸ್ಪಷ್ಟವಾಗಿ ಹೇಳಿದೆ. ಜನ ಅದನ್ನು ನನ್ನ ವಿನಯ ಅಂದುಕೊಂಡರು. ಶಾಲು ಹೊದೆಸಿದಾಗ ತಟ್ಟಿದ್ದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಿಜ ಹೇಳಿದರೂ ಹೊಗಳಿಕೆಯೇ ಹೆಚ್ಚುವುದಾದರೆ ಮನುಷ್ಯ ಏನು ಮಾಡಬೇಕು? ಮನೆಗೆ ಬಂದು ಶಾಲು ಮಡಚಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರೆಯಲು ಕೂತಿದ್ದೇನೆ.

ಮೊದಲು ಆ ಆದರ್ಶದ ಮಾತು. ಚಂದನಾ ಕುಂದಾಪುರದ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದಾಗ ದಿನವೂ ತ್ರಾಸಿ ಬರುವಷ್ಟರಲ್ಲಿ ವಾಂತಿ ಮಾಡುತ್ತಿದ್ದಳು. ಜೀರಿಗೆ, ನಿಂಬೆಹುಳಿ, ಮಾತ್ರೆ ಎಲ್ಲ ಆಯಿತು. ಕೊನೆಗೆ ವ್ಯಾನಿನವರೇ ಬೇಡ ಅಂದರು. ಒಂದು ವರ್ಷ ಇಲ್ಲೇ ಹತ್ತಿರದ ಶಾಲೆಯಲ್ಲಿ ಇರಲಿ, ಆಮೇಲೆ ನೋಡುವ ಎಂದು ನನ್ನ ಗಂಡ ಜಿತೇಂದ್ರ ಹೇಳಿದರು. ಹಾಗೆ ನಾಲ್ಕನೇ ತರಗತಿಗೆ ಅವಳು ಪಡುಬಲ್ಲೆ ಶಾಲೆಗೆ ಬಂದದ್ದು. ಆದರ್ಶ ಎಲ್ಲಿಂದ ಬಂತು? ಜನ ಅದನ್ನು ನನ್ನ ತಲೆಗೆ ಕಟ್ಟಿದರು, ಭಾರವಿಲ್ಲದ್ದರಿಂದ ನಾನೂ ಹೊತ್ತುಕೊಂಡೆ. ನಿನಗೂ ಈ ವಾಂತಿಯ ಕಥೆ ಹೇಳಿರಲಿಲ್ಲ.

ಆ ಮರುವರ್ಷ ಶಾಲೆಯ ಹೊಸ ಸಮಿತಿ ಆಯಿತು. ನೆನಪಿದೆಯೇ? ಅಧ್ಯಕ್ಷತೆ ಯಾರಿಗೂ ಬೇಡ. ಹೆಡ್‌ಮಾಷ್ಟ್ರು ರಾಘವೇಂದ್ರರು ಒಬ್ಬೊಬ್ಬರ ಮುಖ ನೋಡುತ್ತಿದ್ದರೆ ಒಬ್ಬೊಬ್ಬರೂ ಕಾಲು ನೋಡುತ್ತಿದ್ದರು. ನೀನು ಎದ್ದು, ಏಳನೇ ತನಕ ಇದೇ ಬೆಂಚಿನಲ್ಲಿ ಕೂತವಳು ನಾನು, ಬೇರೆ ಯಾರೂ ಇಲ್ಲದಿದ್ದರೆ ಆಯಿತು ಅಂದೆ. ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ಜೂನ್ ಮತ್ತು ಜುಲೈ ಸಭೆಗಳಿಗೆ ಎಲ್ಲರೂ ಬಂದರು. ನಾನು ಹಿಗ್ಗಿದೆ. ಮಳೆಗಾಲವಾದ್ದರಿಂದ ಮೀನುಗಾರಿಕೆ ಬಂದರು ಮುಚ್ಚಿತ್ತು, ನಿಮಗೆಲ್ಲ ಬೆಳಗಿನ ಮೀನಿನ ವ್ಯಾಪಾರ ಇರಲಿಲ್ಲ, ಅದಕ್ಕೆ ಬಂದರು ಎಂದು ನನಗೆ ಹೊಳೆಯಲೇ ಇಲ್ಲ. ಆಗಸ್ಟಿನಲ್ಲಿ ಬಂದರು ತೆರೆಯಿತು. ಹನ್ನೊಂದು ಗಂಟೆಯ ಸಭೆಗೆ ಬಂದವರು ಹೆಡ್‌ಮಾಷ್ಟ್ರು ಮತ್ತು ನಾನು. ಅಧ್ಯಕ್ಷೆಯೇ ಇಲ್ಲ. ಹನ್ನೆರಡೂವರೆಗೆ ನೀನು ಖಾಲಿ ಬುಟ್ಟಿ ಹಿಡಿದು ಬೆವರು ಒರೆಸಿಕೊಳ್ಳುತ್ತ ಬಂದೆ. ತಾಯಂದಿರಿಗೆ ಶಾಲೆಯ ಬಗ್ಗೆ ಕಾಳಜಿಯೇ ಇಲ್ಲವಲ್ಲ ಎಂದು ನಾನು ಸ್ವಲ್ಪ ಮೇಲಿನಿಂದಲೇ ಹೇಳಿದೆ. ನೀನು ಸಿಟ್ಟಾಗಲಿಲ್ಲ.

"ಅವ್ರ್ ಮೀಟಿಂಗಿಗ್ ಬಪ್ಪುಕ್ ಆತಿಲ್ಲೆ ಅಂದ್ರೆ, ಮೀಟಿಂಗೇ ಅವ್ರ್ ಇದ್ದಲ್ಲಿಗ್ ಹೋಯ್ಕ್ ಅಲ್ದಾ ಅಕ್ಕ?" ಅಂದೆ.

ಹಾಗೆ ಅದೇ ತಿಂಗಳು ನಮ್ಮ ಸಭೆ ಕುಷ್ಟನ ಟೆಂಪೋ ಹತ್ತಿತು. ನಸುಕಿನಲ್ಲಿ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ನೀವು ಹದಿನಾಲ್ಕು ಹೆಂಗಸರು ಹಿಂತಿರುಗುವ ಟೆಂಪೋ ಅದು. ತ್ರಾಸಿಯಲ್ಲಿ ಚಹಾಕ್ಕೆ ನಿಲ್ಲುವಾಗ ನಾನು ನಡಾವಳಿ ಪುಸ್ತಕ ಎದೆಗೆ ಹಿಡಿದು ಹತ್ತುತ್ತಿದ್ದೆ. ಮರವಂತೆ ದಾಟಿ ನಮ್ಮೂರು ಬರುವವರೆಗೆ ಸಿಗುವ ಸಮಯದಲ್ಲೇ ಸಭೆ ಆಗಬೇಕು. ಕುಷ್ಟ ಆ ದಿನ ಮಾತ್ರ ನಿಧಾನ ಓಡಿಸುತ್ತಿದ್ದ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ನಾವು. ಅಧ್ಯಕ್ಷೆ ಹೆಚ್ಚುವರಿ ಟೈರಿನ ಮೇಲೆ, ಸದಸ್ಯರು ಬುಟ್ಟಿಗಳ ಸಂದಿಯಲ್ಲಿ.

ಮೊದಲ ದಿನ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬರೆದೆ. ಬಾಗಿ ಅಜ್ಜಿ ಅದನ್ನು ನೋಡಿದರು. ಮೊಮ್ಮಗಳನ್ನು ಓದಿಸಲು ಈ ವಯಸ್ಸಿನಲ್ಲೂ ಬುಟ್ಟಿ ಹೊರುವ ಮುದುಕಿ, ಬಾಯಿ ಮಾತ್ರ ಹದಿನಾರರದ್ದು. ಅಮ್ಮಾ, ಮೂಗನ್ನು ಹಾಗೆ ಕಟ್ಟಿ ಹಾಕಿದರೆ ಅದು ಓಡಿಹೋಗುತ್ತದೆಯೇ ಎಂದು ಕೇಳಿದರು. ಟೆಂಪೋ ಇಡೀ ನಕ್ಕಿತು. ಇನ್ನೊಂದು ದಿನ ನನ್ನ ಚೀಲದಲ್ಲಿದ್ದ ಕವನ ಸಂಕಲನ ನೋಡಿ ಓದಿ ಹೇಳಿ ಅಂದರು. ಕಡಲಿನ ಮೇಲಿನ ಒಂದು ಕವಿತೆ ಓದಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಚಂದ ಇತ್ತ್. ಆದ್ರೆ ಇವ್ರ್ ಕಡ್ಲಗೆ ಒಂದ್ ಮೀನೂ ಇಲ್ಲೆ ಮಾರಾಯ್ತಿ" ಅಂದರು. ಆಮೇಲಿನಿಂದ ಕಡಲಿನ ಕವಿತೆ ಓದುವಾಗಲೆಲ್ಲ ನಾನು ಮೀನು ಹುಡುಕುತ್ತೇನೆ.

ಆ ಟೆಂಪೋದಲ್ಲಿ ಎಷ್ಟು ಕೆಲಸವಾಯಿತು, ವನಜಾ. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು, ಗಣಿತಕ್ಕೆ ಅತಿಥಿ ಶಿಕ್ಷಕಿ, ಬಿಸಿಯೂಟದ ಕೋಣೆಯ ಸೋರುವ ಮೂಲೆ. ಕಾಲೇಜಿನಲ್ಲಿ ನಾನು ನೋಡಿದ ಸಭೆಗಳಲ್ಲಿ ಜನ ಮಾತಾಡಿ ಮುಗಿಸಲು ಬರುತ್ತಿದ್ದರು. ನೀವು ಮುಗಿಸಿಯೇ ಇಳಿಯಬೇಕಿತ್ತು. ಯಾರೂ ಭಾಷಣ ಮಾಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಮಕ್ಕಳನ್ನು ತಂದದ್ದು. ಆಗ ಶಾಲೆಯಲ್ಲಿ ಇದ್ದದ್ದು ಇಪ್ಪತ್ತೆರಡು ಮಕ್ಕಳು. ನಾನು ಕರಪತ್ರ ಬರೆದೆ. ಒಳ್ಳೆಯ ಕರಪತ್ರ. ಅದನ್ನು ಓದಿ ಒಂದು ಮಗುವೂ ಬರಲಿಲ್ಲ. ನೀನು ಮೀನು ಮಾರುವ ಮನೆಗಳ ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿ, ಬಂಗಡೆ ಎಣಿಸುತ್ತಲೇ ಆ ಮನೆಯ ಮಗುವಿನ ವಿಚಾರ ತೆಗೆಯುತ್ತಿದ್ದೆ. ನಿನ್ನ ಜೊತೆ ಒಂದು ದಿನ ನಾನೂ ನಡೆದೆನಲ್ಲ, ಆ ತೆಂಗಿನ ತೋಟದ ಮನೆಯಲ್ಲಿ ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ನಿಮ್ಮ್ ಮಗ ಏಳ್ ಗಂಟಿಗ್ ವ್ಯಾನ್ ಹತ್ತಿ ಅದ್ರಗೇ ನಿದ್ರಿ ತೂಗ್ತ. ನಮ್ಮ್ ಶಾಲಿಗ್ ಕಳ್ಸಿ. ಎಂಟೂವರಿ ತನ್ಕ ಮಲ್ಕಂಡ್ರೂ ಅಡ್ಡಿಲ್ಲೆ. ಇಂಗ್ಲಿಷ್ ನಮ್ಮಲ್ಲೂ ಇತ್ತ್, ನಿದ್ರಿ ಎಲ್ಲಿ ಸಿಕ್ತ್ ಹೇಳಿ?"

ಆ ಅಮ್ಮ ನಕ್ಕು ಒಳಗೆ ಹೋದಳು. ಮರುವಾರ ಮಗುವಿನ ಕೈ ಹಿಡಿದು ಶಾಲೆಗೆ ಬಂದಳು. ಹೀಗೆ ಒಂದೊಂದೇ ಬಾಗಿಲು. ನಿನ್ನನ್ನು ನೋಡಿ ಉಳಿದವರೂ ತಮ್ಮ ತಮ್ಮ ಗಿರಾಕಿ ಮನೆಗಳಲ್ಲಿ ಕೇಳಿದರು. ಈ ವರ್ಷ ಶಾಲೆ ತೆರೆದಾಗ ಮೂವತ್ತು ಮಕ್ಕಳಿದ್ದರು.

ಸರಿಯಾಗಿ ಮೂವತ್ತು. ಅದೇ ಸಂಖ್ಯೆ ಯಾಕೆ ಮುಖ್ಯವಾಯಿತು ಎಂದು ನಿನಗೆ ಹೇಳಬೇಕಿಲ್ಲ. ಕಳೆದ ಮೇ ತಿಂಗಳಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಿಂದ ಆ ಪತ್ರ ಬಂದಿತ್ತಲ್ಲ. ಮೂವತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ, ಅಥವಾ ಪೋಷಕರ ಸಮಿತಿ ಹೆಸರಿಗೆ ಮಾತ್ರ ಇದ್ದರೆ, ಅಂಥ ಶಾಲೆಯನ್ನು ಹತ್ತಿರದ ಶಾಲೆಗೆ ಸೇರಿಸುವುದು ಎಂದು. ಹತ್ತಿರದ ಶಾಲೆ ಎಂದರೆ ಹೆದ್ದಾರಿಯ ಆಚೆಗೆ. ಆರು ವರ್ಷದ ಮಕ್ಕಳು ನಾಲ್ಕು ಪಥ ದಾಟಿ ಹೋಗಬೇಕು. ಒಂದನೇ ತರಗತಿಯ ಮಗು ಲಾರಿಯ ಚಕ್ರದಷ್ಟೂ ಎತ್ತರ ಇರುವುದಿಲ್ಲ. ಬೇಡ ಎನ್ನಲು ನಮ್ಮ ಹತ್ತಿರ ಇದ್ದದ್ದು ಎರಡೇ: ಮೂವತ್ತು ಮಕ್ಕಳು, ಮತ್ತು ಹನ್ನೆರಡು ತಿಂಗಳ ಸಭೆಗಳ ನಡಾವಳಿ ಪುಸ್ತಕ.

ಇನ್ನು ಬರೆಯುವುದು ನಿನಗೆ ಗೊತ್ತಿಲ್ಲದ್ದು.

ಕಚೇರಿಯವರು ಶುದ್ಧ ಪ್ರತಿ ಕೇಳಿದ್ದಾರೆ, ಎಲ್ಲ ಸಭೆಗಳನ್ನೂ ಹೊಸ ಪುಸ್ತಕದಲ್ಲಿ ಬರೆದಿದ್ದೇನೆ, ಎಲ್ಲರೂ ಇನ್ನೊಮ್ಮೆ ಸಹಿ ಮಾಡಿ ಎಂದು ಜೂನ್ ಮೊದಲ ವಾರ ಮನೆಮನೆಗೆ ಬಂದೆನಲ್ಲ, ಅದು ಸುಳ್ಳು. ಯಾರೂ ಕೇಳಿರಲಿಲ್ಲ. ಪುಸ್ತಕವನ್ನು ಒಮ್ಮೆ ಕುಂದಾಪುರದಲ್ಲಿ ಜೆರಾಕ್ಸಿಗೆ ಕೊಟ್ಟಿದ್ದೆ. ಅಂಗಡಿಯಾಕೆ ಮೀನಿನ ಕಲೆ ಹತ್ತಿದ ಆ ಪುಟಗಳನ್ನು ಬೆರಳಿನಿಂದ ಮುಟ್ಟದೆ ಸ್ಕೇಲಿನ ತುದಿಯಿಂದ ತಿರುಗಿಸಿದಳು, ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ನನಗೆ ನಾಚಿಕೆಯಾಯಿತು. ಹತ್ತು ತಿಂಗಳು ನಿಮ್ಮ ಜೊತೆ ಕೂತವಳಿಗೆ, ಮೂಗಿನಿಂದ ಸೆರಗು ತೆಗೆದಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಟ್ಟವಳಿಗೆ, ಒಬ್ಬ ಅಪರಿಚಿತ ಹೆಂಗಸಿನ ಎದುರು ಆ ಪುಸ್ತಕ ನನ್ನದಲ್ಲ ಅನ್ನಿಸಿಬಿಟ್ಟಿತು. ಹೊಸ ಪುಸ್ತಕ ಕೊಂಡು, ಮೂರು ಮಧ್ಯಾಹ್ನ ಕೂತು, ಮುತ್ತು ಪೋಣಿಸಿದ ಹಾಗೆ ಬರೆದೆ. ನಿಮ್ಮ ವಾಕ್ಯಗಳನ್ನೂ ಅಲ್ಲಲ್ಲಿ ತಿದ್ದಿದೆ. ಹಳೆಯದನ್ನು ಬಚ್ಚಲ ಒಲೆಗೆಂದು ಸೌದೆ ಕೊಟ್ಟಿಗೆಯಲ್ಲಿ ಹಾಕಿದೆ.

ಜೂನ್ ಹತ್ತು, ಮಂಗಳವಾರ. ನೀನು, ನಾನು, ಹೆಡ್‌ಮಾಷ್ಟ್ರು ಕಚೇರಿಗೆ ಹೋದೆವು. ಅಧಿಕಾರಿಗಳು ನನ್ನ ಪುಸ್ತಕವನ್ನು ಗೌರವದಿಂದಲೇ ತೆರೆದರು. ಅಕ್ಷರ ಚೆನ್ನಾಗಿದೆ ಅಂದರು. ಆಮೇಲೆ ಹೋದ ವರ್ಷದ ಜೂನ್ ತಿಂಗಳ ಸಹಿಗಳನ್ನೂ ಈ ವರ್ಷದ ಏಪ್ರಿಲಿನ ಸಹಿಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಒಂದೇ ಪೆನ್ನು, ಒಂದೇ ಶಾಯಿ, ಹೆಬ್ಬೆಟ್ಟುಗಳೆಲ್ಲ ಒಂದೇ ಬಣ್ಣ. ಪುಸ್ತಕ ಮಗುಚಿ ಹಿಂಬದಿಯ ರಟ್ಟನ್ನು ಓದಿದರು. ಈ ಪುಸ್ತಕ ತಯಾರಾದದ್ದು ಈ ವರ್ಷದ ಮಾರ್ಚಿನಲ್ಲಿ, ಇದರಲ್ಲಿ ಹೋದ ವರ್ಷದ ಜೂನಿನ ಸಭೆ ಹೇಗೆ ಬರೆದಿರಿ ಎಂದು ತಣ್ಣಗೆ ಕೇಳಿದರು. ಇದು ಸೃಷ್ಟಿಸಿದ ದಾಖಲೆ, ಸಭೆಗಳು ನಡೆದೇ ಇಲ್ಲ ಎಂದು ವರದಿ ಮಾಡಬೇಕಾಗುತ್ತದೆ, ಹೆಡ್‌ಮಾಷ್ಟ್ರಿಗೂ ನೋಟಿಸು ಹೋಗುತ್ತದೆ ಅಂದರು. ಯಾರು ಬರೆದದ್ದು ಎಂದು ಕೇಳಿದರು.

ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ರಾಘವೇಂದ್ರ ಮಾಷ್ಟ್ರ ಮುಖ ಬೂದಿಯಾಗಿತ್ತು. ಎರಡು ಪದವಿ ಪಡೆದ, ಅಷ್ಟೊಂದು ಕವಿತೆ ಬಾಯಿಗೆ ಬರುವ ನನಗೆ ನಾನು ಎಂಬ ಎರಡು ಅಕ್ಷರದ ಉತ್ತರ ಹೊರಡಲಿಲ್ಲ. ನೀನು ಒಂದು ಹೆಜ್ಜೆ ಮುಂದೆ ಬಂದೆ.

"ಬರ್ಸಿದ್ದ್ ನಾನೇ ಸಾರ್. ಹಳೆ ಪುಸ್ತ್ಕ ಹಾಳಾಯಿತ್, ಹೊಸತ್ರಗೆ ಬರ್ಕೊಡಿ ಅಂದೆ. ಅಕ್ಕಂದ್ ಎಂತದೂ ತಪ್ಪಿಲ್ಲೆ."

ನಾನು ಸುಮ್ಮನೆ ನಿಂತಿದ್ದೆ. ಇದನ್ನು ಎಷ್ಟು ಸಲ ಬರೆದರೂ ಬೇರೆ ರೀತಿ ಬರೆಯಲು ಆಗುವುದಿಲ್ಲ.

ಹಳೆಯದು ಇದೆಯೇ ಎಂದು ಅವರು ಕೇಳಿದರು. ನೀನು ಇದೆ ಅಂದೆ, ನನ್ನ ಮುಖ ನೋಡದೆ. ನಾಳೆ ಹನ್ನೊಂದರ ಒಳಗೆ ತನ್ನಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕೇಳಿದ್ದು ಒಂದೇ ಮಾತು, ಪುಸ್ತಕ ಎಲ್ಲಿದೆ ಎಂದು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಅದು ಇತ್ತು. ಬೆಕ್ಕು ಒಂದು ಮೂಲೆಯನ್ನು ಕಚ್ಚಿ ಎಳೆದಾಡಿತ್ತು, ಆದರೆ ಒಂದು ಪುಟವೂ ಹೋಗಿರಲಿಲ್ಲ. ಬಚ್ಚಲಿಗೆ ನೀರು ಕಾಯಿಸುವ ಹೆಂಗಸು ಆ ವಾರ ರಜೆ ಹಾಕಿದ್ದೇ ನಮ್ಮ ಪುಣ್ಯ. ನೀನು ಅದನ್ನು ಒರೆಸಿ, ನಿನ್ನ ಮನೆಗೆ ಒಯ್ದೆ.

ಮರುದಿನ ಹದಿನಾಲ್ಕು ಹೆಂಗಸರನ್ನೂ ಕೂರಿಸಿಕೊಂಡು ಕುಷ್ಟ ಟೆಂಪೋ ತಂದ. ಬಂದರು ಮುಚ್ಚಿದ ಕಾಲ, ಬುಟ್ಟಿಗಳಿಲ್ಲ, ಆದರೂ ಮಳೆಯಲ್ಲಿ ಆ ಟೆಂಪೋದ ಹಲಗೆಗಳು ತಮ್ಮ ವಾಸನೆಯನ್ನು ಬಿಟ್ಟಿರಲಿಲ್ಲ. ಅಧಿಕಾರಿಗಳ ಮೇಜಿನ ಮೇಲೆ ನೀನು ಪುಸ್ತಕ ಇಟ್ಟಾಗ ಅವರು ಕರವಸ್ತ್ರ ತೆಗೆದರು. ಪಾಪ, ಮೀನು ತಿನ್ನುವವರಲ್ಲ. ಇಷ್ಟು ಹಾಳಾದ ಪುಸ್ತಕದಲ್ಲಿ ತಾರೀಕು ನಿಜವೋ ಸುಳ್ಳೋ ಎಂದು ಹೇಗೆ ನಂಬಲಿ ಎಂದು ಕೇಳಿದರು. ಬಾಗಿ ಅಜ್ಜಿ ಮುಂದೆ ಬಂದು ತಾವೇ ಪುಟ ತಿರುಗಿಸಿದರು. ಓದಲು ಬಾರದ ಮುದುಕಿ ಪುಟಪುಟವನ್ನೂ ಓದಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಇಲ್ಲಿ ಅಂಟಿದ್ದು ಸಿಗಡಿಯ ಮೀಸೆ, ಬಂದರು ತೆರೆದ ತಿಂಗಳು. ಇದು ಬಂಗಡೆಯ ನೆತ್ತರು, ನವರಾತ್ರಿಗೆ ಮೊದಲು. ಈ ಕಪ್ಪು ಹೆಬ್ಬೆಟ್ಟು ತನ್ನದೇ, ದೀಪಾವಳಿ ಕಳೆದ ವಾರ ಮಸಿ ಡಬ್ಬಿ ಒಣಗಿತ್ತು, ಬುಟ್ಟಿಯಲ್ಲಿದ್ದ ಬೊಂಡಾಸ ಕಪ್ಪು ಮಸಿ ಉಗುಳುವ ಮೀನಲ್ಲವೇ, ಅದರ ಮಸಿಗೆ ಬೆರಳು ಅದ್ದಿ ಒತ್ತಿದ್ದು ಅಂದರು.

ಅಧಿಕಾರಿಗಳು ನಂಬಬೇಕೋ ಬೇಡವೋ ತಿಳಿಯದೆ ತಮ್ಮ ಕಚೇರಿಯ ಅಟೆಂಡರ್ ಅಪ್ಪಿಯನ್ನು ಕರೆದರು. ಅಪ್ಪಿ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಬೆಳಕಿಗೆ ಹಿಡಿದು, ಮತ್ತೆ ಮೂಗಿಗೆ ಹಿಡಿದು, ಹೌದು ಸಾರ್, ಇದು ಬಂಗಡೆಯದ್ದೇ, ಹಳೆಯದಾದರೂ ಗೊತ್ತಾಗುತ್ತದೆ ಎಂದು ಸಾಕ್ಷಿ ಹೇಳಿದಳು. ಯಾರೂ ನಗಲಿಲ್ಲ. ಆಗ ಅವರು ಮೊದಲ ಎರಡು ಸಭೆಗಳ ಪುಟ ತೆರೆದು, ಜೂನ್ ಜುಲೈ ಮಾತ್ರ ಒಂದೂ ಕಲೆ ಇಲ್ಲವಲ್ಲ, ಅದು ಹೇಗೆ ಎಂದು ಹಿಡಿದವರಂತೆ ಕೇಳಿದರು.

"ಆಗ ಬಂದರ್ ಬಂದ್ ಅಲ್ದಾ ಸಾರ್," ಅಂದರು ಬಾಗಿ ಅಜ್ಜಿ. "ಮೀನೇ ಇಲ್ದೆ ಕಲೆ ಎಲ್ಲಿಂದ ಬತ್ತ್?"

ಅವರು ಕರವಸ್ತ್ರ ಜೇಬಿಗಿಟ್ಟರು. ಆ ಪುಟಗಳನ್ನು ಮತ್ತೆ ಮೊದಲಿಂದ ತಿರುಗಿಸಿದರು, ಈ ಸಲ ತಮ್ಮ ಬೆರಳಿನಿಂದ. ಮೂಲ ನಡಾವಳಿ ಪರಿಶೀಲಿಸಲಾಗಿದೆ, ಸಭೆಗಳು ಕ್ರಮವಾಗಿ ನಡೆದಿವೆ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದರು. ಪಡುಬಲ್ಲೆ ಶಾಲೆ ಪಡುಬಲ್ಲೆಯಲ್ಲೇ ಉಳಿಯಿತು. ನಾನು ನಾಚಿ ಒಲೆಗೆ ಹಾಕಹೊರಟ ಕಲೆಗಳೇ ನಮ್ಮ ತಾರೀಕುಗಳಿಗೆ ಸಾಕ್ಷಿಯಾಗಿದ್ದವು. ನಾನು ಅವನ್ನೆಲ್ಲ ಚೊಕ್ಕಟವಾಗಿ ಅಳಿಸಿ, ಶಾಲೆಯನ್ನೇ ಅಳಿಸುವಷ್ಟು ಹತ್ತಿರ ಹೋಗಿದ್ದೆ.

ಒಂದು ಮಾತ್ರ ಉಳಿದಿತ್ತು. ಎರಡನೇ ಪುಸ್ತಕ ಕೊಟ್ಟದ್ದಕ್ಕೆ ಅಧ್ಯಕ್ಷೆ ತಪ್ಪೊಪ್ಪಿಗೆ ಬರೆದು ಕೊಡಬೇಕು ಅಂದರು. ನೀನು ಒಪ್ಪಿದೆ. ಕಾರಿಡಾರಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಟ್ಟದ್ದು ಯಾರು? ನಾನು. ನನ್ನ ಅಜಾಗರೂಕತೆಯಿಂದ ಈ ಪ್ರಮಾದ ಸಂಭವಿಸಿದ್ದು, ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ. ಎಂಥ ಚಂದದ ವಾಕ್ಯ. ಅದರ ಕೆಳಗೆ ನೀನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ಪೆನ್ನು ಹಿಂದೆ ಕೊಡುವಾಗ, ಅಕ್ಕ, ಬೆಳಿಗ್ಗೆ ಎಂತದೂ ತಿಂದಿಲ್ಲವೇ ಎಂದು ಕೇಳಿದೆ. ಆಮೇಲೆ ನೀನೇ ಎಲ್ಲರಿಗೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿನ್ನಿಸಿದೆ. ನಾನು ಎರಡು ತಿಂದೆ.

ಅಲ್ಲಿಂದ ಇಲ್ಲಿಗೆ ಆರು ತಿಂಗಳು. ನೀನು ಒಮ್ಮೆಯೂ ಆ ಮಾತು ಎತ್ತಲಿಲ್ಲ, ಟೆಂಪೋದಲ್ಲಿ ಯಾರಿಗೂ ಎತ್ತಲು ಬಿಡಲಿಲ್ಲ. ಆಗಸ್ಟಿನಲ್ಲಿ ಮೊದಲಿನಂತೆಯೇ ತ್ರಾಸಿಯಲ್ಲಿ ನನಗಾಗಿ ಜಾಗ ಬಿಡಿಸಿ ಇಟ್ಟಿದ್ದೆ. ಅದೇ ಹಳೆಯ ಪುಸ್ತಕ ಕೊಟ್ಟು, ಇನ್ನೂ ಪುಟ ಇದೆ ಅಲ್ಲವೇ ಅಂದೆ.

ಕ್ಷಮಿಸು ಎಂದು ಬರೆದರೆ ನೀನು ನಗುತ್ತೀಯ. ಆದ್ದರಿಂದ ಅದನ್ನು ಬರೆಯಬೇಕಾದಲ್ಲಿಗೆ ಬರೆದಿದ್ದೇನೆ. ಎರಡನೇ ಪುಸ್ತಕ ಬರೆದದ್ದು ನಾನು, ಯಾರೂ ಹೇಳಿ ಬರೆಸಿದ್ದಲ್ಲ, ಅಧ್ಯಕ್ಷೆಗೆ ನಿಜ ತಿಳಿದೇ ಇರಲಿಲ್ಲ, ಅವರ ತಪ್ಪೊಪ್ಪಿಗೆಯನ್ನು ಕಡತದಿಂದ ತೆಗೆದು ಇದನ್ನು ಇಡಬೇಕು ಎಂದು ಕಚೇರಿಗೆ ಪತ್ರ ಸಿದ್ಧವಾಗಿದೆ. ನಾಳೆ ಹೆಡ್‌ಮಾಷ್ಟ್ರ ಕೈಯಲ್ಲಿ ಕೊಡುತ್ತೇನೆ. ಅದರಲ್ಲಿ ಒಂದೂ ಚಂದದ ವಾಕ್ಯವಿಲ್ಲ. ಟೆಂಪೋದಲ್ಲಿ ನಿಮ್ಮೆಲ್ಲರ ಎದುರು ಹೇಳುವುದು ಬಾಕಿ ಇದೆ. ನೀನು ಬಂದ ಮೇಲೆ, ಮರವಂತೆ ದಾಟುವ ಮೊದಲು ಹೇಳಿ ಮುಗಿಸುತ್ತೇನೆ. ಬಾಗಿ ಅಜ್ಜಿ ಏನು ಹೇಳಬಹುದು ಎಂದು ಈಗಲೇ ಹೆದರಿಕೆಯಾಗುತ್ತಿದೆ.

ಹೆದರಿಕೆಗಿಂತ ಹೆಚ್ಚಾಗಿ ಇರುವುದು ಕೃತಜ್ಞತೆ. ನನ್ನ ಜೀವನದಲ್ಲಿ ನಾನು ಪುಸ್ತಕಗಳಿಗೆ ಕೃತಜ್ಞಳಾಗಿದ್ದೇನೆ, ಕೆಲವು ಗುರುಗಳಿಗೆ. ಒಬ್ಬ ಗೆಳತಿಗೆ ಹೀಗೆ ಋಣಿಯಾಗುವುದು ನಲವತ್ತೆಂಟರ ವಯಸ್ಸಿನಲ್ಲಿ ಬಂತು. ಬೆಳಿಗ್ಗೆ ಶಾಲೆಯ ಗಂಟೆ ಕೇಳಿದಾಗ, ಚಂದನಾ ಚಪ್ಪಲಿ ಹಾಕಿಕೊಂಡು ಗದ್ದೆಯ ಅಂಚಿನಲ್ಲಿ ಓಡುವಾಗ, ಹೆದ್ದಾರಿಯ ಕಡೆ ಮುಖ ಮಾಡದೆ ಮಕ್ಕಳ ಸಾಲು ಒಳದಾರಿಯಲ್ಲೇ ತಿರುಗುವಾಗ, ಇದೆಲ್ಲ ನಡೆಯುವಂತೆ ಮಾಡಿದವಳ ಪಕ್ಕದಲ್ಲಿ ಕೂರುವ ಅವಕಾಶ ನನಗೆ ಸಿಕ್ಕಿತಲ್ಲ ಅನ್ನಿಸುತ್ತದೆ. ಬಾಣಂತಿಯನ್ನು ನೋಡಿಕೋ, ನಿನ್ನನ್ನೂ ನೋಡಿಕೋ. ಸಂಕ್ರಾಂತಿ ಕಳೆದು ಬರುತ್ತೇನೆ ಅಂದಿದ್ದೀಯ. ಜನವರಿಯ ಸಭೆಯನ್ನು ನೀನು ಬರುವ ತನಕ ಮುಂದೂಡಿದ್ದೇವೆ, ಹದಿನಾಲ್ಕು ಮಂದಿಯ ಒಪ್ಪಿಗೆಯೊಂದಿಗೆ.

ನಿನ್ನ ಪಕ್ಕ ಕೂತು ಬರೆಯುವವಳು,
ಸೌಮ್ಯಶ್ರೀ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಾರದೆ ಇಲ್ಲಿ ಬರೆಯುತ್ತಿದ್ದೇನೆ: ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ರಾಘವೇಂದ್ರ ಮಾಷ್ಟ್ರು ನನ್ನನ್ನು ಕೋಣೆಗೆ ಕರೆದು, ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೈಗಿತ್ತರು. ಜೂನ್ ಒಂಬತ್ತರಂದು, ನಾವು ಕಚೇರಿಗೆ ಹೋಗುವ ಹಿಂದಿನ ದಿನ, ಚಂದನಾಳನ್ನು ಶಾಲೆಯಿಂದ ಬಿಡಿಸಿಕೊಳ್ಳಲು ನಾನು ಕೊಟ್ಟ ಅರ್ಜಿ. ಶಾಲೆ ಉಳಿಯುವುದು ಅನುಮಾನ ಎಂದು ಕುಂದಾಪುರದಲ್ಲಿ ಅವಳಿಗೆ ಸೀಟು ಹಿಡಿದಿಟ್ಟಿದ್ದೆ. ಅವಳು ಹೋದರೆ ಇಪ್ಪತ್ತೊಂಬತ್ತು ಎಂದು ಗೊತ್ತಿದ್ದೇ ಕೊಟ್ಟಿದ್ದೆ, ವನಜಾಳಿಗೆ ಹೇಳಬೇಡಿ ಎಂದು ಬೇಡಿಕೊಂಡಿದ್ದೆ. ಶಾಲೆ ಉಳಿದ ಮೇಲೆ ಅದನ್ನು ಕೇಳಲೂ ಇಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಮಾಷ್ಟ್ರು ನಿನ್ನೆ ಹೇಳಿದರು, ಆ ಸಂಜೆಯೇ ನಿನಗೆ ತೋರಿಸಿದ್ದರಂತೆ. ನೀನು ಓದಿ, "ಟಿ.ಸಿ. ಕೊಡಿ ಮಾಷ್ಟ್ರೆ. ಮಗಳ ವಿಷ್ಯದಗೆ ತಾಯಿ ಕೈ ಹಿಡುಕ್ ಆಗ. ಒಂದ್ ಮಗು ಹೋದ್ರೆ ಇನ್ನೊಂದ್ ಮನಿ ಬಾಗ್ಲ್ ತಟ್ಟುವ" ಎಂದು ಮಳೆಯಲ್ಲೇ ಹೋದೆಯಂತೆ. ಕತ್ತಲಾಗುವ ಮೊದಲು ಒಂದನೇ ತರಗತಿಗೆ ಆ ಹುಡುಗ ಪ್ರಖ್ಯಾತನ ಹೆಸರು ಬರೆಸಿದೆಯಂತೆ. ಅವನು ತಾನಾಗಿ ಬಂದವನು ಎಂದು ಇಷ್ಟು ದಿನ ತಿಳಿದಿದ್ದೆ. ಅಂದರೆ ಮರುದಿನ ಬೆಳಿಗ್ಗೆ ಆ ಮೇಜಿನ ಮುಂದೆ, ಅಕ್ಕನದ್ದು ತಪ್ಪಿಲ್ಲ ಎಂದು ನೀನು ಹೇಳಿದ್ದು ಎಲ್ಲ ಗೊತ್ತಿದ್ದೇ. ನಿನ್ನೆ ಆ ಅರ್ಜಿಯನ್ನು ನಾನು ಅಲ್ಲೇ ಮಾಷ್ಟ್ರ ಎದುರು ಹರಿದೆ. ಚಂದನಾ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಈಗ ನಾವು ಮೂವತ್ತೊಂದು.